ಇಂಗ್ಲಿಷ್ ಬಾರದ ತಾಯಿ ಒಂದನೇ ಕ್ಲಾಸಿನ ಮಗಳಿಗೆ ಓದು ಕಲಿಸುವುದು ಹೇಗೆ?

ಪ್ರಶ್ನೆ: ನಾವು ರಾಣೆಬೆನ್ನೂರಿನವರು. ನಮ್ಮ ಮನೆಯವರದು ಬೀಜ-ಗೊಬ್ಬರದ ಅಂಗಡಿ. ನಾನು ಪಿಯುಸಿವರೆಗೂ ಕನ್ನಡ ಮೀಡಿಯಂನಲ್ಲಿ ಓದಿದವಳು. ಒಬ್ಬಳೇ ಮಗಳು, ಅಕ್ಟೋಬರಿನಲ್ಲಿ 6 ತುಂಬಿತು. ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಒಂದನೇ ಕ್ಲಾಸು. ದಿನಾ ಡೈರಿಯಲ್ಲಿ ಮೂರು-ನಾಲ್ಕು ಹೋಮ್‌ವರ್ಕ್ ಬರೆದು ಕಳಿಸುತ್ತಾರೆ. ಸಂಜೆ 6ಕ್ಕೆ ಕೂತರೆ 8 ಗಂಟೆ ಆಗುತ್ತದೆ, ಅವಳೂ ಅತ್ತು ನಾನೂ ಅತ್ತು ಮುಗಿಯುತ್ತದೆ. ಎರಡು ಸಲ ಹೊಡೆದೂ ಬಿಟ್ಟಿದ್ದೇನೆ. ಪುಸ್ತಕದ ಪಾಠ ಗಡಗಡ ಓದುತ್ತಾಳೆ, ಅದೇ ಪದ ಬೇರೆ ಕಡೆ ಬರೆದು ತೋರಿಸಿದರೆ ಗೊತ್ತಿಲ್ಲ ಅನ್ನುತ್ತಾಳೆ. ಬಿ ಬರೆಯುವಲ್ಲಿ ಡಿ ಬರೆಯುತ್ತಾಳೆ. ಥರ್ಟೀನ್ ಅಂದರೆ 31 ಬರೆಯುತ್ತಾಳೆ. ಪೋಷಕರ ಸಭೆಯಲ್ಲಿ ಮಿಸ್ಸು 'ಮನೆಯಲ್ಲೂ ಇಂಗ್ಲಿಷ್ ಮಾತಾಡಿ' ಅಂದರು. ನನಗೆ ಬರುವುದೇ ನಾಲ್ಕು ಮಾತು. ಪಕ್ಕದ ಮನೆಯವರು ಟ್ಯೂಷನ್ನಿಗೆ ಹಾಕಿ ಅನ್ನುತ್ತಾರೆ. ನಮ್ಮತ್ತೆ 'ಕನ್ನಡ ಸಾಲಿಗೇ ಹಾಕ್ರಿ' ಅಂತಾರೆ. ಮನೆಯವರು 'ನೀನೇ ನೋಡ್ಕೋ' ಅಂತ ಕೈತೊಳೆದುಕೊಂಡಿದ್ದಾರೆ. ಮಗಳಿಗೆ ಏನಾದರೂ ದೋಷ ಇದೆಯಾ? ಅಥವಾ ನಾನು ಓದಿದ್ದು ಕಮ್ಮಿ ಅಂತ ಅವಳು ಹಿಂದೆ ಬೀಳುತ್ತಿದ್ದಾಳಾ? (ಹೆಸರು ಬೇಡ)

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಇಲ್ಲ, ನೀವು ಓದಿದ್ದು ಕಮ್ಮಿ ಎಂಬುದು ಇಲ್ಲಿ ಕಾರಣವಲ್ಲ. ಇಬ್ಬರೂ ಎಂಜಿನಿಯರುಗಳಾಗಿರುವ ಮನೆಗಳಿಂದಲೂ ಹೆಚ್ಚುಕಡಿಮೆ ಇದೇ ಪತ್ರ ಬರುತ್ತದೆ. ಭಾಷೆ ಮಾತ್ರ ಇನ್ನಷ್ಟು ಗಾಬರಿಯದಾಗಿರುತ್ತದೆ, ಅಷ್ಟೇ.

ನಿಮ್ಮ ಪತ್ರದಲ್ಲಿ ಮೂರು ವಿಷಯಗಳು ಒಂದಕ್ಕೊಂದು ಸಿಕ್ಕು ಹಾಕಿಕೊಂಡಿವೆ. ಮಗಳಿಗೆ ಓದು ಇನ್ನೂ ಕೂಡಿಬಂದಿಲ್ಲ. ಹೋಮ್‌ವರ್ಕಿನ ಹೊತ್ತು ಜಗಳದ ಹೊತ್ತಾಗಿದೆ. ಮನೆಯಲ್ಲಿ ಯಾವ ಭಾಷೆ ಆಡಬೇಕು ಎಂಬುದರಲ್ಲಿ ಗೊಂದಲವಿದೆ. ಇವನ್ನು ಒಟ್ಟಿಗೆ ನೋಡಿದರೆ 'ಮಗಳಿಗೆ ದೋಷ' ಅನ್ನಿಸುತ್ತದೆ. ಬಿಡಿಸಿ ನೋಡಿದರೆ ಒಂದೊಂದಕ್ಕೂ ಬೇರೆ ಕಾರಣ, ಬೇರೆ ಮದ್ದು.

ಅದಕ್ಕೂ ಮುಂಚೆ ವಯಸ್ಸಿನ ಲೆಕ್ಕ. ನಮ್ಮ ರಾಜ್ಯದಲ್ಲಿ ಒಂದನೇ ತರಗತಿಗೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕೆಂಬುದು ನಿಯಮ. 2025-26ನೇ ಸಾಲಿಗೆ ಅದನ್ನು 5 ವರ್ಷ 5 ತಿಂಗಳಿಗೆ ಸಡಿಲಿಸಿದ್ದರು. ಅಕ್ಟೋಬರಿನಲ್ಲಿ 6 ತುಂಬಿದ ನಿಮ್ಮ ಮಗಳು ಜೂನಿನಲ್ಲಿ ಶಾಲೆಗೆ ಕಾಲಿಟ್ಟಾಗ 6ಕ್ಕೆ ಇನ್ನೂ ನಾಲ್ಕೈದು ತಿಂಗಳು ಬಾಕಿ ಇತ್ತು. ಅದೇ ಬೆಂಚಿನಲ್ಲಿ ಅವಳಿಗಿಂತ ಏಳೆಂಟು ತಿಂಗಳು, ಒಂದು ವರ್ಷ ದೊಡ್ಡ ಮಕ್ಕಳಿರುತ್ತಾರೆ. 40 ವರ್ಷದವರಿಗೆ ಎಂಟು ತಿಂಗಳು ಲೆಕ್ಕಕ್ಕಿಲ್ಲ. 6ರ ಮಗುವಿಗೆ ಪೆನ್ಸಿಲ್ ಹಿಡಿಯುವ ಬೆರಳಿನ ಬಲದಲ್ಲಿ, ಕೂತು ಗಮನ ಕೊಡುವ ಹೊತ್ತಿನಲ್ಲಿ ಅದು ಕಣ್ಣಿಗೆ ಕಾಣುವ ವ್ಯತ್ಯಾಸ. 'ಪಕ್ಕದ ಹುಡುಗ ಆಗಲೇ ಪ್ಯಾರಾ ಬರೀತಾನೆ' ಎಂಬ ಹೋಲಿಕೆ ಇಲ್ಲಿಗೇ ನಿಲ್ಲಲಿ.

ಹಾಗಾದರೆ ಎಷ್ಟು ಬರಬೇಕು? ಕೇಂದ್ರ ಸರ್ಕಾರ 2021ರಲ್ಲಿ ಶುರು ಮಾಡಿದ 'ನಿಪುಣ್ ಭಾರತ್' ಕಾರ್ಯಕ್ರಮದಲ್ಲಿ ತರಗತಿವಾರು ಗುರಿಗಳಿವೆ. ಒಂದನೇ ತರಗತಿ ಮುಗಿಯುವಾಗ ಮಗು ನಾಲ್ಕೈದು ಸರಳ ಪದಗಳ ಸಣ್ಣ ವಾಕ್ಯವನ್ನು, ಅದೂ ಮೊದಲು ನೋಡಿರದ ಬರಹದಲ್ಲಿ ಓದಬೇಕು. 99ರವರೆಗಿನ ಅಂಕಿಗಳನ್ನು ಓದಿ ಬರೆಯಬೇಕು, ಸಣ್ಣ ಕೂಡುವ-ಕಳೆಯುವ ಲೆಕ್ಕ ಬರಬೇಕು. ಇಷ್ಟೇ. ಅಮ್ಮನ ಭಾಷೆಯಲ್ಲಿ ಕಲಿಯುವ ಮಗುವಿಗೇ ಇಷ್ಟು ಸಾಕು ಎಂದಿರುವಾಗ, ಹೊಸ ಭಾಷೆಯಲ್ಲಿ ಕಲಿಯುವವಳಿಗೆ ಇನ್ನೂ ಸ್ವಲ್ಪ ಸಮಯ ಕೊಡಬೇಕಾದ್ದು ನ್ಯಾಯ. ಆದರೆ 'ಮೊದಲು ನೋಡಿರದ ಬರಹ' ಎಂಬ ಮಾತನ್ನು ಗಮನಿಸಿ. ನಿಮ್ಮ ಮಗಳು ಪುಸ್ತಕದ ಪಾಠ ಗಡಗಡ ಹೇಳುವುದು ಆ ಲೆಕ್ಕಕ್ಕೆ ಬರುವುದಿಲ್ಲ. ಅದು ಓದಲ್ಲ, ಬಾಯಿಪಾಠ. ಒಳ್ಳೆಯ ನೆನಪಿನ ಶಕ್ತಿಯ ಗುರುತು, ಬೇಕಾದರೆ ಸಂತೋಷಪಡಿ. ಆದರೆ ಎರಡನೇ ಕ್ಲಾಸಿನಲ್ಲಿ ಪಾಠ ಉದ್ದವಾದಾಗ ನೆನಪು ಕೈಕೊಡುತ್ತದೆ. ಹಾಗಾಗಿ ಇದನ್ನು ಈಗಲೇ ಸರಿಪಡಿಸುವುದು ಒಳ್ಳೆಯದು.

ನಿಜವಾಗಿ ಎಷ್ಟು ಓದಲು ಬರುತ್ತದೆಂದು ತಿಳಿಯಲು ಹತ್ತು ನಿಮಿಷ ಸಾಕು. ಪಾಠದ ಚಿತ್ರವನ್ನು ಕೈಯಿಂದ ಮುಚ್ಚಿ, ವಾಕ್ಯದ ಕೊನೆಯ ಪದದಿಂದ ಹಿಂದಕ್ಕೆ ಒಂದೊಂದೇ ಪದ ತೋರಿಸಿ. ಆಮೇಲೆ ಅದೇ ಪದಗಳನ್ನು ಚೀಟಿಯಲ್ಲಿ ಬರೆದು ಕಲಸಿ ಕೊಡಿ. ಕೊನೆಗೆ ಒಂದಕ್ಷರ ಬದಲಿಸಿ ನೋಡಿ: ಪಾಠದಲ್ಲಿ ಕ್ಯಾಟ್ ಇದ್ದರೆ ನೀವು ಮ್ಯಾಟ್ ಬರೆಯಿರಿ, ರ‍್ಯಾಟ್ ಬರೆಯಿರಿ. ಉತ್ತರ ಹೇಳುವ ಮುಂಚೆ ಅವಳ ಕಣ್ಣು ಎಲ್ಲಿ ಹೋಗುತ್ತದೆ ನೋಡಿ. ಓದುವ ಮಗುವಿನ ಕಣ್ಣು ಪದದ ಮೇಲೆ ಎಡದಿಂದ ಬಲಕ್ಕೆ ಹರಿಯುತ್ತದೆ, ತುಟಿ ಸಣ್ಣಗೆ ಆಡುತ್ತದೆ. ಊಹಿಸುವ ಮಗು ಮೊದಲಕ್ಷರ ನೋಡಿ ತಕ್ಷಣ ನಿಮ್ಮ ಮುಖ ನೋಡುತ್ತದೆ. ಸರಿಯೋ ತಪ್ಪೋ ಎಂಬುದು ಅದಕ್ಕೆ ಪುಸ್ತಕದಿಂದಲ್ಲ, ನಿಮ್ಮ ಹುಬ್ಬಿನಿಂದ ತಿಳಿಯಬೇಕು. ಏಟು ಬಿದ್ದ ಮಕ್ಕಳಲ್ಲಿ ಈ ಮುಖ ನೋಡುವ ಅಭ್ಯಾಸ ಇನ್ನೂ ಬಲವಾಗಿರುತ್ತದೆ. ಕೈ ಎತ್ತಬಾರದು ಅನ್ನುವುದಕ್ಕೆ ಬೇರೆ ಕಾರಣಗಳೂ ಉಂಟು, ಆದರೆ ಓದಿನ ಮಟ್ಟಿಗೆ ಈ ಒಂದೇ ಕಾರಣ ಸಾಕು.

ಬಾಯಿಪಾಠ ಯಾಕಾಗುತ್ತದೆ? ನಮ್ಮಲ್ಲಿ ಇಂಗ್ಲಿಷ್ ಕಲಿಸುವುದು ಅಕ್ಷರದ ಹೆಸರಿನಿಂದ. 'ಸಿ-ಎ-ಟಿ ಕ್ಯಾಟ್' ಎಂದು ಇಡೀ ಕ್ಲಾಸು ಕೂಗುತ್ತದೆ. ಸಿ, ಎ, ಟಿ ಮೂರನ್ನೂ ಎಷ್ಟು ವೇಗವಾಗಿ ಕೂಡಿಸಿ ಹೇಳಿದರೂ 'ಸಿಎಟಿ' ಆಗುತ್ತದೆಯೇ ಹೊರತು 'ಕ್ಯಾಟ್' ಆಗುವುದಿಲ್ಲ. ಮಗುವಿಗೆ ಇದು ಮಂತ್ರದ ಹಾಗೆ ನೆನಪಿಡುವ ವಿಷಯವಾಗುತ್ತದೆ. ಕನ್ನಡದಲ್ಲಿ ಈ ತೊಡಕಿಲ್ಲ. ಅಕ್ಷರದ ಹೆಸರೂ ಉಚ್ಚಾರವೂ ಒಂದೇ. 'ಸ' ಪಕ್ಕ 'ರ' ಇಟ್ಟರೆ 'ಸರ'. ಓದುವುದೆಂದರೆ ಗುರುತುಗಳನ್ನು ದನಿಗಳಾಗಿ ಕೂಡಿಸುವುದು ಎಂಬ ಗುಟ್ಟು ಮಗುವಿಗೆ ಕನ್ನಡದಲ್ಲಿ ಬೇಗ ಹೊಳೆಯುತ್ತದೆ, ಒಂದು ಸಲ ಹೊಳೆದರೆ ಇಂಗ್ಲಿಷಿನಲ್ಲೂ ಕೆಲಸಕ್ಕೆ ಬರುತ್ತದೆ. ಆದ್ದರಿಂದ ನನ್ನ ಮೊದಲ ಸಲಹೆ ನಿಮಗೆ ವಿಚಿತ್ರ ಅನ್ನಿಸಬಹುದು: ಇಂಗ್ಲಿಷ್ ಓದು ಸುಧಾರಿಸಬೇಕಾದರೆ ಮನೆಯಲ್ಲಿ ಕನ್ನಡ ಓದಿನಿಂದ ಶುರು ಮಾಡಿ. ಅದನ್ನು ನಿಮಗಿಂತ ಚೆನ್ನಾಗಿ ಕಲಿಸುವವರು ಯಾರೂ ಬೇಕಿಲ್ಲ.

ಆದರೆ ಅ, ಆ, ಇ, ಈ ಎಂದು 49 ಅಕ್ಷರದ ಮಾಲೆ ಹಿಡಿಯಬೇಡಿ. ಸರ್ಕಾರಿ ಶಾಲೆಗಳ 'ನಲಿ-ಕಲಿ'ಯಲ್ಲಿ ಮೊದಲು ಕಲಿಸುವುದು ರ, ಗ, ಸ, ದ, ಅ. ಈ ಐದೇ ಅಕ್ಷರದಲ್ಲಿ ಸರ, ರಸ, ಅರಸ, ದಸರ, ಗರಗಸ ಎಲ್ಲ ಓದಬಹುದು. ಅಂದರೆ ಮಗು ಮೊದಲ ವಾರದಲ್ಲೇ 'ನನಗೆ ಓದಲು ಬರುತ್ತದೆ' ಅನ್ನುತ್ತದೆ. ಆಮೇಲೆ ಜ, ವ, ಮ, ಬ, ನ ಸೇರಿಸಿ. ಕಾಗುಣಿತಕ್ಕೆ, ಒತ್ತಕ್ಷರಕ್ಕೆ ಅವಸರ ಬೇಡ. ಕನ್ನಡದ ಮಕ್ಕಳು ಒತ್ತಕ್ಷರ ಪೂರ್ತಿ ಹಿಡಿಯುವುದಕ್ಕೆ ಮೂರನೇ, ನಾಲ್ಕನೇ ತರಗತಿಯಾಗುತ್ತದೆ. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆಯಿಂದಾಗಿ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲೂ ಕನ್ನಡ ಮೊದಲ ಇಲ್ಲವೇ ಎರಡನೇ ಭಾಷೆಯಾಗಿ ಇರಲೇಬೇಕು, ಹಾಗಾಗಿ ಈ ಶ್ರಮ ಶಾಲೆಯ ಪರೀಕ್ಷೆಗೂ ಆಗುತ್ತದೆ.

ಪುಸ್ತಕವಿಲ್ಲದೆ ಆಡುವ ಆಟವೂ ಬೇಕು. ತಲೆ ಬಾಚುವಾಗ, ರೊಟ್ಟಿ ತಟ್ಟುವಾಗ ಕೇಳಿ: 'ಕರಡಿ'ಯಲ್ಲಿ ಮೊದಲ ದನಿ ಯಾವುದು? ಕೊನೆಯದು? 'ಅರಸ'ದಲ್ಲಿ 'ಅ' ತೆಗೆದರೆ ಏನುಳಿಯಿತು? 'ಕಮಲ'ದಲ್ಲಿ 'ಕ' ತೆಗೆದರೆ? (ಇದಕ್ಕೆ ಎಲ್ಲ ಮಕ್ಕಳೂ ಬಿದ್ದುಬಿದ್ದು ನಗುತ್ತವೆ, ಮರುದಿನ ಶಾಲೆಗೂ ಹೊತ್ತೊಯ್ಯುತ್ತವೆ. ಇರಲಿ.) ಮಾತನ್ನು ದನಿಗಳಾಗಿ ಒಡೆಯುವ ಈ ಅಭ್ಯಾಸ ಇಲ್ಲದ ಮಗುವಿಗೆ ಎಷ್ಟು ಕಾಪಿ ಬರೆಸಿದರೂ ಓದು ಬರುವುದಿಲ್ಲ. ಕಾಪಿ ಬರೆಯುವುದು ಕೈಯ ಕೆಲಸ, ಓದುವುದು ಕಿವಿಯಿಂದ ಶುರುವಾಗುವ ಕೆಲಸ.

ಇದಾಗಿ ಎರಡು ವಾರಕ್ಕೆ ಇಂಗ್ಲಿಷಿಗೆ ಬನ್ನಿ. ಅಲ್ಲೂ 26 ಅಕ್ಷರದ ಸಾಲು ಬೇಡ. ಎಸ್, ಎ, ಟಿ, ಪಿ, ಐ, ಎನ್ ಎಂಬ ಆರು ಚಿಕ್ಕಕ್ಷರಗಳಿಂದ ಶುರು ಮಾಡಿ. ಇಂಗ್ಲಿಷ್ ಓದು ಕಲಿಸುವವರು ಬಹಳ ಕಡೆ ಅನುಸರಿಸುವ ಕ್ರಮ ಇದು. ಇವುಗಳ ಹೆಸರು ಹೇಳಬೇಡಿ, ದನಿ ಹೇಳಿ: ಸ್, ಆ್ಯ, ಟ್, ಪ್, ಇ, ನ್. ಕನ್ನಡ ಬಲ್ಲವರಿಗೆ ಇಲ್ಲೊಂದು ಅನುಕೂಲವಿದೆ. ಸ್ವರವಿಲ್ಲದ ಬರೀ ವ್ಯಂಜನ ಅಂದರೆ ಏನೆಂದು ಅರ್ಧಾಕ್ಷರ ಕಲಿತ ನಿಮಗೆ ಗೊತ್ತು. 'ಟ' ಅನ್ನಬೇಡಿ, 'ಟ್' ಅನ್ನಿ. 'ಪ' ಅಲ್ಲ, 'ಪ್'. 'ಟ-ಇ-ನ' ಎಂದರೆ ಅದು ಯಾವತ್ತೂ 'ಟಿನ್' ಆಗುವುದಿಲ್ಲ, 'ಟ್-ಇ-ನ್' ಎಂದು ಬೇಗ ಹೇಳಿದರೆ ತಾನಾಗಿ ಆಗುತ್ತದೆ. ಮನೆಯಲ್ಲಿ ಕಲಿಸುವಾಗ ಅತಿ ಹೆಚ್ಚು ತಪ್ಪುವುದು ಇಲ್ಲೇ. ಈ ಆರು ದನಿಗಳಲ್ಲಿ ಪಿನ್, ಟಿನ್, ಟ್ಯಾಪ್, ಸಿಟ್, ಪ್ಯಾನ್, ನ್ಯಾಪ್ ಎಲ್ಲ ಓದಬಹುದು. ಹಳೇ ಕ್ಯಾಲೆಂಡರಿನ ಹಿಂಬದಿಯನ್ನು ಎರಡಿಂಚಿನ ಚೌಕಗಳಾಗಿ ಕತ್ತರಿಸಿ, ಒಂದೊಂದರ ಮೇಲೆ ಒಂದಕ್ಷರ ಸ್ಕೆಚ್ ಪೆನ್ನಿನಲ್ಲಿ ಬರೆಯಿರಿ. ಚೀಟಿ ಸರಿಸಿ ಪದ ಕಟ್ಟುವುದಕ್ಕೆ ಬರೆಯುವ ಕಷ್ಟ ಇರುವುದಿಲ್ಲ, ತಪ್ಪಾದರೆ ಅಳಿಸುವ ರಗಳೆಯೂ ಇಲ್ಲ. ವಾರಕ್ಕೆ ಮೂರು ಹೊಸ ಅಕ್ಷರ ಸಾಕು. ಹಳೆಯ ಪದಗಳನ್ನು ತಡವರಿಸದೆ ಓದಿದರೆ ಮಾತ್ರ ಹೊಸದು.

ಇಂಗ್ಲಿಷಿನಲ್ಲಿ ದನಿ ಕೂಡಿಸಿದರೂ ಬಾರದ ಪದಗಳಿವೆ: ದಿ, ವಾಸ್, ಸೆಡ್, ಒನ್. ಇವನ್ನು ನೋಡಿ ಗುರುತಿಸುವುದೇ ದಾರಿ, ವಾರಕ್ಕೆರಡು ಕಲಿಸಿ. 'ಯಾಕೆ ಹೀಗೆ?' ಎಂದು ಕೇಳಿದರೆ 'ಇಂಗ್ಲಿಷ್ ಹಾಗೇ ಇದೆ' ಅನ್ನಿ, ಅದಕ್ಕಿಂತ ಒಳ್ಳೆಯ ಉತ್ತರ ಆ ವಯಸ್ಸಿಗೆ ಇಲ್ಲ. ಇನ್ನು ಪೆನ್-ಪ್ಯಾನ್ ಎರಡೂ ಒಂದೇ ಥರ ಕೇಳಿಸುವುದು, ಬಸ್ ಬದಲು 'ಬಸ್ಸು' ಅನ್ನುವುದು ದೋಷವಲ್ಲ. ಕನ್ನಡದಲ್ಲಿ ಆ 'ಆ್ಯ' ಸ್ವರ ಇಲ್ಲ, ನಮ್ಮ ಪದಗಳು ಸಾಮಾನ್ಯವಾಗಿ ಸ್ವರದಲ್ಲೇ ಮುಗಿಯುತ್ತವೆ. ಕನ್ನಡ ಮಾತಾಡುವ ಪ್ರತಿ ಮಗುವೂ ಈ ಹಾದಿಯಲ್ಲೇ ಬರುತ್ತದೆ.

ಬಿ-ಡಿ ಅದಲುಬದಲು 7 ವರ್ಷದವರೆಗೂ ಬಹಳ ಮಕ್ಕಳಲ್ಲಿ ಕಾಣುತ್ತದೆ. ತಟ್ಟೆಯನ್ನು ಹೇಗೆ ತಿರುಗಿಸಿದರೂ ಅದು ತಟ್ಟೆಯೇ ಎಂದು ಕಲಿತ ಮೆದುಳಿಗೆ, ಹೊಟ್ಟೆ ಆಚೆ ತಿರುಗಿದರೆ ಒಂದಕ್ಷರ, ಈಚೆ ತಿರುಗಿದರೆ ಇನ್ನೊಂದು ಎಂಬುದು ಹೊಸ ನಿಯಮ. ಎರಡನ್ನೂ ಒಂದೇ ದಿನ ಪಕ್ಕಪಕ್ಕ ಇಟ್ಟು ತಿದ್ದಬೇಡಿ, ಗೊಂದಲ ಹೆಚ್ಚುತ್ತದೆ. ಒಂದು ವಾರ ಚಿಕ್ಕ ಬಿ ಮಾತ್ರ: ಮೊದಲು ಮೇಲಿಂದ ಕೆಳಗೆ ಗೆರೆ, ಆಮೇಲೆ ಹೊಟ್ಟೆ. ಅದು ಗಟ್ಟಿಯಾದ ಮೇಲೆ ಚಿಕ್ಕ ಡಿ: ಮೊದಲು ಹೊಟ್ಟೆ, ಆಮೇಲೆ ಗೆರೆ. ಪರಾತದಲ್ಲಿ ಹಿಟ್ಟು ಹರಡಿ ಬೆರಳಿನಿಂದ ದೊಡ್ಡದಾಗಿ ಬರೆಸಿ. ಕೈ ಚಲನೆ ಬೇರೆಯಾದಾಗ ಅಕ್ಷರವೂ ಬೇರೆಯಾಗುತ್ತದೆ.

ಥರ್ಟೀನ್‌ಗೆ 31 ಬರೆದದ್ದಂತೂ ಬುದ್ಧಿವಂತ ತಪ್ಪು. ಆ ಪದದಲ್ಲಿ ಮೂರರ ದನಿ ಮೊದಲು ಕೇಳುತ್ತದೆ, ಹತ್ತು ಆಮೇಲೆ. ಕೇಳಿದ ಕ್ರಮದಲ್ಲೇ ಅವಳು ಬರೆದಿದ್ದಾಳೆ. ಕನ್ನಡದ ಹದಿಮೂರರಲ್ಲಿ ಹತ್ತು ಮೊದಲು, ಮೂರು ಆಮೇಲೆ, ಬರೆಯುವ ಕ್ರಮವೂ ಅದೇ. ಆದ್ದರಿಂದ ಎಣಿಕೆಯನ್ನು ಕನ್ನಡದಲ್ಲಿ ಗಟ್ಟಿ ಮಾಡಿ, ಇಂಗ್ಲಿಷ್ ಹೆಸರನ್ನು ಆಮೇಲೆ ಅಂಟಿಸಿ. ಬೆಂಕಿಕಡ್ಡಿ ಬೇಡ, ಪೊರಕೆಕಡ್ಡಿ ಮುರಿದು ಹತ್ತತ್ತರ ಕಟ್ಟು ಮಾಡಿ ರಬ್ಬರ್ ಬ್ಯಾಂಡ್ ಹಾಕಿ. ಒಂದು ಕಟ್ಟು, ಮೂರು ಬಿಡಿ: ಹದಿಮೂರು, 13. ಮೂರು ಕಟ್ಟು, ಒಂದು ಬಿಡಿ: ಮೂವತ್ತೊಂದು, 31. ಎರಡನ್ನೂ ಪಕ್ಕದಲ್ಲಿಟ್ಟು 'ಯಾವುದು ಜಾಸ್ತಿ?' ಎಂದು ಕೇಳಿ. ಆಮೇಲೆ ಥರ್ಟೀನ್, ಥರ್ಟಿ ಎಂದು ಒತ್ತಿ ಹೇಳಿ ತೋರಿಸಿ.

ಇಲ್ಲಿ ನಿಮ್ಮ ಯಜಮಾನರಿಗೆ ಕೆಲಸವಿದೆ. 'ನನಗೆ ತಿಳಿಯಲ್ಲ' ಅನ್ನುವ ಅಂಗಡಿಯವರಿಗೆ ಲೆಕ್ಕ ತಿಳಿಯದೇ? ಭಾನುವಾರ ಒಂದು ಗಂಟೆ ಮಗಳನ್ನು ಗಲ್ಲಾಪೆಟ್ಟಿಗೆ ಹತ್ತಿರ ಕೂರಿಸಿಕೊಳ್ಳಲಿ. 34 ರೂಪಾಯಿ ಎಣಿಸಿಕೊಡು ಅಂದರೆ ಮೂರು ಹತ್ತರ ನೋಟು, ನಾಲ್ಕು ಒಂದರ ನಾಣ್ಯ. ಬೀಜದ ಪ್ಯಾಕೆಟ್ಟುಗಳನ್ನು ಹತ್ತತ್ತರಂತೆ ಜೋಡಿಸಲಿ, ಪ್ಯಾಕೆಟ್ಟಿನ ಮೇಲಿನ ದೊಡ್ಡಕ್ಷರ ಹುಡುಕಲಿ. (ಔಷಧ ಹಚ್ಚಿದ ಬೀಜ ಮತ್ತು ಕೀಟನಾಶಕದ ಹತ್ತಿರ ಮಾತ್ರ ಬಿಡಬೇಡಿ, ಮನೆಗೆ ಬಂದ ಮೇಲೆ ಸೋಪು ಹಾಕಿ ಕೈ ತೊಳೆಸಿ.) ಅತ್ತೆಯವರ ಜೊತೆ ಚೌಕಾಬಾರ ಆಡಲಿ. ಕವಡೆಯ ಲೆಕ್ಕ ನೋಡಿ ಮನೆ ನಡೆಸುವುದು ಮುಂದಕ್ಕೆ ಎಣಿಸುವುದನ್ನು ಕಲಿಸುವಷ್ಟು ಚೆನ್ನಾಗಿ ಯಾವ ವರ್ಕ್‌ಬುಕ್ಕೂ ಕಲಿಸುವುದಿಲ್ಲ.

ಈಗ 'ಮನೆಯಲ್ಲೂ ಇಂಗ್ಲಿಷ್ ಮಾತಾಡಿ' ಎಂಬ ಮಾತು. ಮಿಸ್ಸು ಕೆಟ್ಟ ಉದ್ದೇಶದಿಂದ ಹೇಳಿದ್ದಲ್ಲ. ಕ್ಲಾಸಿನಲ್ಲಿ ನಿಮ್ಮ ಮಗಳು ಬಾಯಿ ಬಿಡುತ್ತಿಲ್ಲ ಎಂಬುದು ಅವರ ಕಷ್ಟವಿರಬೇಕು. ಆದರೆ ಸಲಹೆ ತಪ್ಪು. ನಾಲ್ಕು ಮಾತಿನ ಇಂಗ್ಲಿಷಿನಲ್ಲಿ ತಾಯಿ ಮಗುವಿಗೆ ಏನು ಹೇಳಬಹುದು? 'ಕಮ್', 'ಸಿಟ್', 'ಈಟ್ ಫಾಸ್ಟ್', 'ಡೋಂಟ್ ಟಚ್'. ಬರೀ ಅಪ್ಪಣೆ. ಅದೇ ಕನ್ನಡದಲ್ಲಾದರೆ: 'ಜೋಳದ ಹಿಟ್ಟಿಗೆ ಕುದಿಯುವ ನೀರು ಯಾಕೆ ಹಾಕಿದೆ ಹೇಳು? ತಣ್ಣೀರು ಹಾಕಿದ್ದರೆ ಏನಾಗ್ತಿತ್ತು? ಅಂಚು ಯಾಕೆ ಒಡೀತು? ಗೋಧಿ ಹಿಟ್ಟಿಗೆ ಯಾಕೆ ಬೇಡ?' ಇದರಲ್ಲಿ ಕಾರಣ ಇದೆ, 'ಹಾಗಾಗಿದ್ದರೆ ಹೀಗಾಗುತ್ತಿತ್ತು' ಇದೆ, ಹೋಲಿಸುವುದಿದೆ. ಮೂರನೇ ಕ್ಲಾಸಿನ ಪರಿಸರ ಪಾಠ ಕೇಳುವುದು ಇದನ್ನೇ. ಯೋಚನೆ ಒಂದು ಭಾಷೆಯಲ್ಲಿ ಬೆಳೆದರೆ ಇನ್ನೊಂದು ಭಾಷೆಗೆ ಅದಕ್ಕೆ ಪದ ಹುಡುಕಿಕೊಂಡರೆ ಆಯಿತು. ಯೋಚನೆಯೇ ಬೆಳೆಯದಿದ್ದರೆ ಬರೀ ಪದ ಇಟ್ಟುಕೊಂಡು ಏನು ಮಾಡುವುದು? 2020ರ ರಾಷ್ಟ್ರೀಯ ಶಿಕ್ಷಣ ನೀತಿ ಸಾಧ್ಯವಿದ್ದ ಕಡೆಯೆಲ್ಲ ಕನಿಷ್ಠ 5ನೇ ತರಗತಿವರೆಗೆ ಮನೆಮಾತಿನಲ್ಲೇ ಕಲಿಸಿ ಎಂದದ್ದೂ ಇದೇ ಕಾರಣಕ್ಕೆ.

ಮಿಸ್ಸಿನ ಕಷ್ಟಕ್ಕೆ ಬೇರೆ ದಾರಿ ಇದೆ. ಕ್ಲಾಸಿನಲ್ಲಿ ಅವಳಿಗೆ ದಿನಾ ಬೇಕಾಗುವ ಐದಾರು ವಾಕ್ಯಗಳನ್ನು ಅವರಿಂದಲೇ ಬರೆಸಿಕೊಳ್ಳಿ: ಶೌಚಾಲಯಕ್ಕೆ ಹೋಗಬೇಕು, ನೀರು ಕುಡಿಯಬೇಕು, ನನಗೆ ಅರ್ಥವಾಗಲಿಲ್ಲ, ಪೆನ್ಸಿಲ್ ಕೊಡು, ಮತ್ತೊಮ್ಮೆ ಹೇಳಿ. ಮನೆಯಲ್ಲಿ ಟೀಚರ್ ಆಟ ಆಡಿ ಇವನ್ನು ರೂಢಿ ಮಾಡಿಸಿ, ಅವಳು ಟೀಚರ್, ನೀವು ಮಗು. 'ಅರ್ಥವಾಗಲಿಲ್ಲ' ಎಂದು ಧೈರ್ಯವಾಗಿ ಹೇಳಲು ಬಂದ ಮಗುವಿಗೆ ಅರ್ಧ ಇಂಗ್ಲಿಷ್ ಬಂದ ಹಾಗೆ. ಮೊಬೈಲಿನ ರೈಮ್ಸ್ ಒಂಟಿಯಾಗಿ ನೋಡಿದರೆ ರಾಗ ಮಾತ್ರ ಬರುತ್ತದೆ. ನೋಡುವುದಾದರೆ ನೀವೂ ಪಕ್ಕ ಕೂತು, ಹದಿನೈದು ನಿಮಿಷ.

ದಿನಾ ಒಂದು ಕಥೆ ಓದಿ ಹೇಳಿ, ಕನ್ನಡದಲ್ಲೇ. ಪ್ರಥಮ್ ಬುಕ್ಸ್‌ನವರ 'ಸ್ಟೋರಿವೀವರ್' ಜಾಲತಾಣದಲ್ಲಿ ಒಂದೇ ಕಥೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಉಚಿತವಾಗಿ ಸಿಗುತ್ತದೆ. ಮೊದಲ ಹಂತದ ಕಥೆಯಲ್ಲಿ ಪುಟಕ್ಕೊಂದೆರಡು ವಾಕ್ಯ ಇರುತ್ತದೆ. ಸೋಮವಾರ ಕನ್ನಡದಲ್ಲಿ, ಮಂಗಳವಾರವೂ ಕನ್ನಡದಲ್ಲಿ, ಬುಧವಾರ ಅದೇ ಕಥೆ ಇಂಗ್ಲಿಷಿನಲ್ಲಿ. ಕಥೆ ಗೊತ್ತಿರುವುದರಿಂದ ಇಂಗ್ಲಿಷ್ ಪದದ ಅರ್ಥ ತಾನೇ ತಿಳಿಯುತ್ತದೆ. ನಿಮ್ಮ ಉಚ್ಚಾರ ತಪ್ಪಾದರೆ? ಆಗಲಿ. ಶಾಲೆಯಲ್ಲಿ ಸರಿಯಾದದ್ದು ಕೇಳಿದಾಗ ಅವಳೇ ನಿಮ್ಮನ್ನು ತಿದ್ದುತ್ತಾಳೆ, ಆ ದಿನ ಅವಳಿಗೆ ಹಬ್ಬ.

ಹೋಮ್‌ವರ್ಕಿನ ಜಗಳಕ್ಕೆ ಬರೋಣ. ಕೇಂದ್ರದ 2020ರ ಶಾಲಾ ಬ್ಯಾಗ್ ನೀತಿ 2ನೇ ತರಗತಿವರೆಗೆ ಹೋಮ್‌ವರ್ಕೇ ಬೇಡ ಎನ್ನುತ್ತದೆ, ಬ್ಯಾಗಿನ ತೂಕ 1.6ರಿಂದ 2.2 ಕಿಲೋ ಒಳಗಿರಲಿ ಎನ್ನುತ್ತದೆ. ಖಾಸಗಿ ಶಾಲೆಗಳು ಪಾಲಿಸುವುದು ಅಷ್ಟಕ್ಕಷ್ಟೆ, ಪೋಷಕರೇ 'ಬರೆಸಿ' ಎಂದು ಒತ್ತಾಯಿಸುವುದೂ ಉಂಟು. ನೀತಿಯ ಪ್ರತಿ ಹಿಡಿದು ಜಗಳಕ್ಕೆ ಹೋದರೆ ಮಗುವಿಗೆ ಲಾಭವಿಲ್ಲ. ಆದರೆ ಎರಡು ಗಂಟೆ ಕೂರಿಸುವುದು ನಿಯಮವೂ ಅಲ್ಲ, ಒಳ್ಳೆಯದೂ ಅಲ್ಲ ಎಂಬುದು ನಿಮಗೆ ಗೊತ್ತಿರಲಿ. ಈ ವಯಸ್ಸಿನ ಮಗುವಿನ ಗಮನ ಒಂದು ಕೆಲಸದ ಮೇಲೆ ಹತ್ತು-ಹದಿನೈದು ನಿಮಿಷ ನಿಂತರೆ ದೊಡ್ಡದು. ಮೊದಲ ಇಪ್ಪತ್ತು ನಿಮಿಷದಲ್ಲಿ ಆದದ್ದೇ ಕಲಿಕೆ, ಉಳಿದ ನೂರು ನಿಮಿಷ ಗುದ್ದಾಟ.

ಶಾಲೆಯಿಂದ ಬಂದ ತಕ್ಷಣ ಹೊಟ್ಟೆಗೆ ಏನಾದರೂ ಕೊಟ್ಟು ಮುಕ್ಕಾಲು ಗಂಟೆ ಹೊರಗೆ ಆಡಲು ಬಿಡಿ. ಆಮೇಲೆ 5.30ಕ್ಕೇ ಕೂರಿಸಿ, 6ರ ಹೊತ್ತಿಗೆ ನಿದ್ದೆ, ಹಸಿವು ಎರಡೂ ಶುರುವಾಗಿರುತ್ತವೆ. ಟಿವಿ ಪೂರ್ತಿ ಆಫ್, ಸೌಂಡ್ ಮ್ಯೂಟ್ ಅಲ್ಲ. ಐದು ನಿಮಿಷ ಚೀಟಿ ಪದಗಳು, ಹದಿನೈದು ನಿಮಿಷ ಶಾಲೆಯ ಕೆಲಸ, ಮಧ್ಯೆ ಎದ್ದು ಓಡಾಡಲಿ, ಬೇಕಾದರೆ ಇನ್ನೊಂದು ಹತ್ತು ನಿಮಿಷ. ಅಲ್ಲಿಗೆ ಮುಗಿಯಿತು, ಕೆಲಸ ಉಳಿದಿದ್ದರೂ ಮುಗಿಯಿತು. ಕಥೆ ಮಲಗುವಾಗ.

ಬರೆಯುವಾಗ ಎರಡು ತಪ್ಪು ನಡೆಯುತ್ತವೆ. ಒಂದು, ಅಕ್ಷರ ದುಂಡಗಿಲ್ಲ ಎಂದು ರಬ್ಬರಿನಲ್ಲಿ ಅಳಿಸಿ ಮತ್ತೆ ಬರೆಸುವುದು. ಆರು ವರ್ಷದವರ ಮಣಿಕಟ್ಟಿನ ಎಲುಬುಗಳು ಇನ್ನೂ ಪೂರ್ತಿ ಬಲಿತಿರುವುದಿಲ್ಲ, ಬೆರಳು ಬೇಗ ಸೋಲುತ್ತದೆ. ಮೂರನೇ ಸಲ ಬರೆದದ್ದು ಮೊದಲನೆಯದಕ್ಕಿಂತ ಕೆಟ್ಟದಾಗಿರುತ್ತದೆ. ರಬ್ಬರ್ ಎತ್ತಿಡಿ. ಸಾಲು ಮುಗಿದ ಮೇಲೆ 'ಇದರಲ್ಲಿ ನಿನಗೆ ಯಾವುದು ಚೆಂದ ಕಂಡಿತು?' ಎಂದು ಅವಳ ಕೈಯಲ್ಲೇ ಗುರುತು ಹಾಕಿಸಿ. ಇನ್ನೊಂದು, ಹೊತ್ತಾಯಿತೆಂದು ನೀವೇ ಕೈ ಹಿಡಿದು ಬರೆಸುವುದು ಅಥವಾ ಬರೆದುಕೊಡುವುದು. ಪುಟ ತುಂಬುತ್ತದೆ, ಮಗುವಿಗೆ ಬಂದಿದೆ ಎಂದು ಮಿಸ್ಸು ತಿಳಿಯುತ್ತಾರೆ, ಮರುದಿನ ಇನ್ನೂ ಹೆಚ್ಚು ಕೊಡುತ್ತಾರೆ. ಅದರ ಬದಲು ಡೈರಿಯಲ್ಲಿ ಕನ್ನಡದಲ್ಲೇ ಹೀಗೆ ಬರೆಯಿರಿ: 'ಮಿಸ್, ಅರ್ಧ ಗಂಟೆ ಕೂತಿದ್ದಳು, ತಾನೇ ಇಷ್ಟು ಬರೆದಳು. ಮೂರನೇ ಪ್ರಶ್ನೆ ಅರ್ಥವಾಗಲಿಲ್ಲ.' ಅದರ ಮುಂಚೆ ಒಂದು ದಿನ ಶಾಲೆ ಬಿಟ್ಟ ಮೇಲೆ ಹೋಗಿ, 'ಒಂದು ತಿಂಗಳು ಹೀಗೆ ಮಾಡಿ ನೋಡ್ತೀನಿ, ನೀವೂ ಸಹಕರಿಸಿ' ಎಂದು ಹೇಳಿಬಿಡಿ. ಸಭೆಯ ದಿನ ಹೇಳಬೇಡಿ, ಅಂದು ಅವರಿಗೆ ಒಬ್ಬೊಬ್ಬರಿಗೆ ಎರಡು ನಿಮಿಷವೂ ಸಿಗುವುದಿಲ್ಲ. ತಾಯಿ ಲೆಕ್ಕ ಇಟ್ಟು ಬರೆಯುತ್ತಿದ್ದಾರೆ ಎಂದು ಗೊತ್ತಾದರೆ ಬಹಳ ಶಿಕ್ಷಕಿಯರು ಸಡಿಲ ಬಿಡುತ್ತಾರೆ.

ಟ್ಯೂಷನ್? ಬಡಾವಣೆಗಳ ಟ್ಯೂಷನ್ ಬಹುಪಾಲು ಹೋಮ್‌ವರ್ಕ್ ಮುಗಿಸಿಕೊಡುವ ಜಾಗ. ಒಂದು ಕೋಣೆ, ಒಂದರಿಂದ ಏಳನೇ ಕ್ಲಾಸಿನವರೆಗೆ ಹದಿನೈದಿಪ್ಪತ್ತು ಮಕ್ಕಳು. ನಿಮ್ಮ ಜಗಳ ನಿಲ್ಲುತ್ತದೆ, ಅದು ಸಣ್ಣ ಲಾಭವೇನಲ್ಲ. ಆದರೆ ಬಾಯಿಪಾಠದ ಸಮಸ್ಯೆ ಅಲ್ಲೇ ಉಳಿಯುತ್ತದೆ, ಪುಟ ತುಂಬಿರುವುದರಿಂದ ಕಣ್ಣಿಗೆ ಬೀಳುವುದೂ ಇಲ್ಲ. ಆಟದ ಹೊತ್ತೂ ಹೋಗುತ್ತದೆ. ನಿಮ್ಮ ಆರೋಗ್ಯವೋ ಮನೆಯ ಪರಿಸ್ಥಿತಿಯೋ ಸಂಜೆ ಕೂರಲು ಬಿಡದಿದ್ದರೆ ಹಾಕಿ, ಆದರೆ ಐದಾರು ಮಕ್ಕಳಿಗಿಂತ ಹೆಚ್ಚಿಲ್ಲದ, ದಿನಕ್ಕೆ ಮುಕ್ಕಾಲು ಗಂಟೆಯ, ಹೊಡೆಯದವರ ಹತ್ತಿರ. ಸೇರಿಸುವ ಮುಂಚೆ ಕೇಳಿ: 'ಓದಲು ಬಾರದ ಮಗುವಿಗೆ ನೀವು ಮೊದಲು ಏನು ಮಾಡ್ತೀರಿ?' 'ಸ್ಪೆಲ್ಲಿಂಗ್ ಹತ್ತು ಸಲ ಬರೆಸ್ತೀವಿ' ಅಂದರೆ ನಮಸ್ಕಾರ ಹೇಳಿ ಬನ್ನಿ.

ನಿಮ್ಮ ಅತ್ತೆಯವರ ಮಾತನ್ನು ತಳ್ಳಿಹಾಕಬೇಡಿ. ಮಕ್ಕಳ ಕಲಿಕೆಯ ದೃಷ್ಟಿಯಿಂದ ಅವರು ಹೇಳುವುದು ಸರಿ. ಪ್ರಾಥಮಿಕ ಹಂತದಲ್ಲಿ ಮಾಧ್ಯಮದ ಆಯ್ಕೆ ಪೋಷಕರದು ಎಂದು ಸುಪ್ರೀಂ ಕೋರ್ಟು ಕರ್ನಾಟಕದ ಪ್ರಕರಣದಲ್ಲೇ 2014ರಲ್ಲಿ ತೀರ್ಪು ಕೊಟ್ಟಿದೆ. ಆ ಆಯ್ಕೆಯಲ್ಲಿ ಕನ್ನಡವೂ ಒಂದು ಎಂಬುದನ್ನು ನಾವು ಮರೆತಿದ್ದೇವೆ. ಒಳ್ಳೆಯ ಕನ್ನಡ ಶಾಲೆ ಹತ್ತಿರವಿದ್ದರೆ ಎರಡನೇ ತರಗತಿಗೆ ಬದಲಾಯಿಸುವುದು ಸುಲಭ, ನಾಲ್ಕಕ್ಕೆ ಹೋದ ಮೇಲೆ ಕಷ್ಟ. ಅಪಾಯವೂ ಇದೆ: ಮಗು ಇದನ್ನು 'ನಾನು ದಡ್ಡಿ, ಅದಕ್ಕೇ ತೆಗೆದರು' ಎಂದು ತಿಳಿದರೆ ಹೊಸ ಶಾಲೆಯಲ್ಲೂ ಮುದುಡುತ್ತದೆ. 2019-20ರಿಂದ ಕೆಲವು ಸರ್ಕಾರಿ ಶಾಲೆಗಳಲ್ಲೂ ಇಂಗ್ಲಿಷ್ ಮಾಧ್ಯಮದ ವಿಭಾಗಗಳಿವೆ, ಅದೊಂದು ನಡುದಾರಿ. ಯಾವುದೇ ಆದರೂ ಮೊದಲು ಆ ಶಾಲೆಯ ಒಂದನೇ-ಎರಡನೇ ಕ್ಲಾಸಿನಲ್ಲಿ ಶಿಕ್ಷಕರು ಎಷ್ಟು ಜನ ಇದ್ದಾರೆ, ಖಾಲಿ ಹುದ್ದೆ ಎಷ್ಟು ಎಂದು ವಿಚಾರಿಸಿ, ಒಂದು ದಿನ ಹೋಗಿ ಕೂತು ನೋಡಿ. ಬೋರ್ಡು ನೋಡಿ ತೀರ್ಮಾನಿಸಬೇಡಿ. ವರ್ಷದ ನಡುವೆ, ಜಗಳದ ಮರುದಿನ ಅಂತೂ ಬೇಡವೇ ಬೇಡ. ಒಂದನೇ ಕ್ಲಾಸನ್ನೇ ಇನ್ನೊಮ್ಮೆ ಓದಿಸುವ ಯೋಚನೆಯಿದ್ದರೆ ಬಿಟ್ಟುಬಿಡಿ. ಅದೇ ರೀತಿಯಲ್ಲಿ ಅದೇ ಪಾಠ ಎರಡನೇ ಸಲ ಕೇಳಿದರೆ ಬಾಯಿಪಾಠ ಇನ್ನಷ್ಟು ಗಟ್ಟಿಯಾಗುತ್ತದೆ.

ದೋಷದ ವಿಷಯ. ನೀವು ಬರೆದಿರುವ ಯಾವ ಲಕ್ಷಣವೂ ಈ ವಯಸ್ಸಿನಲ್ಲಿ, ಹೊಸ ಭಾಷೆಯಲ್ಲಿ, ದೋಷ ಎನ್ನಿಸುವಂಥದ್ದಲ್ಲ. ಆದರೂ ಕಣ್ಣು, ಕಿವಿ ಎರಡನ್ನೂ ಒಮ್ಮೆ ತೋರಿಸಿ. ಪದೇಪದೇ ನೆಗಡಿಯಾಗುವ, ಕಿವಿ ಸೋರುವ ಮಗುವಿಗೆ ಪ-ಬ, ಟ-ಡ ವ್ಯತ್ಯಾಸ ಕೇಳಿಸದೇ ಇರಬಹುದು, ಯಾರಿಗೂ ಗೊತ್ತಾಗುವುದಿಲ್ಲ. ಕಲಿಕಾ ನ್ಯೂನತೆ ಎಂಬುದನ್ನು ಸಾಮಾನ್ಯವಾಗಿ 8 ವರ್ಷದ ಮೇಲೆ, ಸರಿಯಾಗಿ ಕಲಿಸಿದರೂ ಬಾರದಾಗ ಖಚಿತಪಡಿಸುತ್ತಾರೆ. ಅದಕ್ಕೂ ಮೊದಲು ಯಾರಾದರೂ ಅರ್ಧ ಗಂಟೆ ನೋಡಿ ಹಣೆಪಟ್ಟಿ ಹಚ್ಚಿದರೆ ನಂಬಬೇಡಿ. ಆದರೆ ಕನ್ನಡದಲ್ಲೂ ಪ್ರಾಸ ಹಿಡಿಯಲು ಬಾರದಿದ್ದರೆ, ದಿನಾ ನೋಡುವ ವಸ್ತುಗಳ ಹೆಸರು ತಟ್ಟನೆ ನೆನಪಾಗದಿದ್ದರೆ, ಮಾತು ತಡವಾಗಿ ಬಂದಿದ್ದರೆ, ನಿಮ್ಮಿಬ್ಬರ ಕಡೆಯವರಲ್ಲಿ ಯಾರಿಗಾದರೂ ಓದು ತೀರಾ ಕಷ್ಟವಾಗಿತ್ತು ಅಂತಿದ್ದರೆ 8ರವರೆಗೆ ಕಾಯಬೇಡಿ. ನಿಮಗೆ ಹತ್ತಿರದ್ದು ಧಾರವಾಡದ ಡಿಮ್ಹಾನ್ಸ್ (ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ). ಮಾತು, ಕಿವಿಯ ತೊಂದರೆಗೆ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ. ಹೋಗುವಾಗ ಶಾಲೆಯ ನೋಟ್‌ಬುಕ್ಕುಗಳನ್ನು ಒಯ್ಯಿರಿ, ಅಳಿಸಿ ತಿದ್ದಿದವಲ್ಲ, ಅವಳೇ ಬರೆದವು.

ಎಂಟು ವಾರ ಬಿಟ್ಟು ಮೊದಲು ಹೇಳಿದ ಪರೀಕ್ಷೆಯನ್ನೇ ಮತ್ತೆ ಮಾಡಿ. ಹೊಸ ಮೂರಕ್ಷರದ ಪದಗಳನ್ನು ಹತ್ತು ಕೊಟ್ಟರೆ ಆರೇಳನ್ನು ಕೂಡಿಸಿಕೊಂಡು ಓದಿದರೆ ದಾರಿ ಸರಿಯಿದೆ, ಹಾಗೇ ಮುಂದುವರಿಸಿ. ಎರಡು ಮೂರರಲ್ಲೇ ನಿಂತಿದ್ದರೆ, ಕನ್ನಡದ 'ಸರ', 'ರಸ'ವೂ ತಡವರಿಸುತ್ತಿದ್ದರೆ ಆಗ ಪರೀಕ್ಷೆ ಮಾಡಿಸುವ ಕಾಲ. ಬೇಸಿಗೆ ರಜೆಯಲ್ಲಿ ಎರಡನೇ ಕ್ಲಾಸಿನ ಪುಸ್ತಕ ತಂದು ಮುಂಚಿತವಾಗಿ ಬಾಯಿಪಾಠ ಮಾಡಿಸಬೇಡಿ. ಚೀಟಿಗಳ ಡಬ್ಬಿ, ಕಥೆ, ಅಂಗಡಿಯ ಗಲ್ಲಾ ಇಷ್ಟನ್ನೇ ದಿನಾ ಇಪ್ಪತ್ತು ನಿಮಿಷ ನಡೆಸಿ, ಎರಡು ತಿಂಗಳು ಪೂರ್ತಿ ಬಿಟ್ಟರೆ ಕಲಿತ ದನಿಗಳು ಮರೆತುಹೋಗುತ್ತವೆ.